ಅಕಿಲಿಸ್ ಕೈಕೊಟ್ಟಾಗ: ವಿಶ್ರಾಂತಿ, ಸೈಕಲ್, ಈಜುಕೊಳ, ಮೆಟ್ಟಿಲು

ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಅದಕ್ಕೆ ಬೆಂಗಳೂರಿನಲ್ಲಿ ತಯಾರಾಗುವವರ ಲಾಂಗ್ ರನ್‌ಗಳು ಅಕ್ಟೋಬರ್ ಹೊತ್ತಿಗೆ ಉದ್ದವಾಗುತ್ತಾ ಹೋಗುತ್ತವೆ. ನನ್ನ ಬಲಗಾಲಿನ ಅಕಿಲಿಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ದಪ್ಪ ನಾರು, ಕೈಕೊಟ್ಟಿದ್ದೂ ಸರಿಯಾಗಿ ಆಗಲೇ. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಕೆಲವು ಹೆಜ್ಜೆ ಕುಂಟು. ಓಡಲು ಶುರು ಮಾಡಿದರೆ ಸ್ವಲ್ಪ ದೂರ ನೋವು, ಮೈ ಬಿಸಿಯಾದ ಮೇಲೆ ಮಾಯ, ಮರುದಿನ ಬೆಳಿಗ್ಗೆ ಇನ್ನೂ ಜಾಸ್ತಿ. ಫಿಸಿಯೊ ಹಿಮ್ಮಡಿ ಮೂಳೆಗಿಂತ ಸ್ವಲ್ಪ ಮೇಲೆ ಚಿವುಟಿ ನೋಡಿದರು. ನಾನು ಹೌಹಾರಿದೆ. ಅಷ್ಟರಲ್ಲೇ ಗೊತ್ತಾಯಿತು.

ಆಮೇಲೆ ಸಲಹೆಗಳ ಸುರಿಮಳೆ. ನಾನು ಒಂದೊಂದನ್ನೂ ಮಾಡಿ ನೋಡಿದೆ. ಅಳೆಯುವುದಕ್ಕೆ ಎರಡೇ ಪ್ರಶ್ನೆ: ಹಿಮ್ಮಡಿ ವಾಸಿಯಾಗುತ್ತಾ? ದಮ್ಮು ಉಳಿಯುತ್ತಾ? ಈ ಎರಡಕ್ಕೂ ಒಂದೇ ಉತ್ತರ ಹುಡುಕಿದರೆ ತಲೆ ಕೆಡುತ್ತದೆ. ಒಂದಕ್ಕೆ ಒಳ್ಳೆಯದು ಮಾಡುವುದು ಇನ್ನೊಂದಕ್ಕೆ ಮಾಡಲ್ಲ.

ಮೊದಲು ವಿಶ್ರಾಂತಿ. ಮನೆಯವರು, ಪಕ್ಕದ ಮನೆಯವರು, ಆಫೀಸಿನವರು ಎಲ್ಲರೂ ಹೇಳಿದ್ದು ಇದನ್ನೇ: ಸುಮ್ನೆ ಕಾಲು ಚಾಚಿ ಕೂತ್ಕೋ. ಒಂದೆರಡು ವಾರ ಕೂತೆ. ನೋವು ಹೋಯಿತು. ಲಾಲ್‌ಬಾಗ್‌ಗೆ ಹೋಗಿ ನಿಧಾನವಾಗಿ ಒಂದು ಸುತ್ತು ಓಡಿದೆ. ಮರುದಿನ ಬೆಳಿಗ್ಗೆ ಅದೇ ಕುಂಟು. ಕಾರಣ ಸರಳ. ಟೆಂಡನ್ ಗಟ್ಟಿಯಾಗುವುದು ಭಾರ ಹೊತ್ತಾಗ ಮಾತ್ರ. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ದೇಹದ ತೂಕದ ಹಲವು ಪಟ್ಟು ಎಳೆತ ಬೀಳುತ್ತದೆ. ಕೂತಿದ್ದರೆ ಎಳೆತ ಇಲ್ಲ, ಹಾಗಾಗಿ ನೋವೂ ಇಲ್ಲ, ಆದರೆ ಆ ಎಳೆತ ತಡೆಯುವ ಶಕ್ತಿ ಇನ್ನಷ್ಟು ಇಳಿದಿರುತ್ತದೆ. ಮೇಲಾಗಿ ಎರಡು ವಾರ ಕೂತರೆ ದಮ್ಮೂ ಇಳಿಯಲು ಶುರುವಾಗುತ್ತದೆ. ಹಿಮ್ಮಡಿ ಊದಿಕೊಂಡು ಮುಟ್ಟಲೂ ಆಗದ ಮೊದಲ ಕೆಲವು ದಿನಕ್ಕೆ ವಿಶ್ರಾಂತಿ ಸರಿ. ಅದರಾಚೆಗೆ ಎರಡೂ ಪ್ರಶ್ನೆಗೆ ಅದು ಫೇಲ್.

ಸೈಕಲ್ ಬಗ್ಗೆ ನನಗೆ ಭಾರೀ ನಿರೀಕ್ಷೆ ಇತ್ತು. ನಂದಿ ಬೆಟ್ಟದ ಕಡೆ ಭಾನುವಾರ ಬೆಳಿಗ್ಗೆ ಸಾಲಾಗಿ ಹೋಗುವವರನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ ಅಲ್ವಾ? ಪಾದ ನೆಲಕ್ಕೆ ಅಪ್ಪಳಿಸುವುದಿಲ್ಲ, ಅದು ನಿಜ. ಆದರೆ ಅಕಿಲಿಸ್‌ಗೆ ಸೈಕಲ್ ಪೂರ್ತಿ ಸೌಮ್ಯವೇನಲ್ಲ. ಸೀಟು ತಗ್ಗಾಗಿದ್ದರೆ, ಪೆಡಲನ್ನು ಬೆರಳ ತುದಿಯಿಂದ ತುಳಿದರೆ, ಹಿಮ್ಮಡಿ ಕೆಳಗಿಳಿದು ಟೆಂಡನ್ ಎಳೆಯುತ್ತದೆ. ಸೀಟು ಸ್ವಲ್ಪ ಏರಿಸಿ, ಪಾದದ ಮಧ್ಯಭಾಗ ಪೆಡಲ್ ಮೇಲೆ ಬರುವಂತೆ ತುಳಿದ ಮೇಲೆ ತೊಂದರೆ ಆಗಲಿಲ್ಲ. ಇನ್ನು ಊರೊಳಗಿನ ಟ್ರಾಫಿಕ್‌ನಲ್ಲಿ ಒಂದೇ ವೇಗದಲ್ಲಿ ಒಂದು ಗಂಟೆ ತುಳಿಯುವುದು ಕನಸು. ಕೊನೆಗೆ ಜಿಮ್‌ನಲ್ಲಿ ನಿಂತಲ್ಲೇ ನಿಂತ ಸೈಕಲ್‌ಗೇ ಶರಣು. ತೊಡೆ ಬಲವಾಯಿತು, ಬೆವರು ಸುರಿಯಿತು. ಓಟದ ಕಾಲು ಮಾತ್ರ ಬೇರೆಯೇ. ದಮ್ಮಿಗೆ ಹತ್ತರಲ್ಲಿ ಆರು ಅಂಕ ಕೊಡುತ್ತೇನೆ, ಹಿಮ್ಮಡಿಗೆ ಸೊನ್ನೆ.

ನೀರಿನಲ್ಲಿ ಓಡುವುದು ಇದಕ್ಕಿಂತ ಎಷ್ಟೋ ಮೇಲು. ಈಜುವುದಲ್ಲ, ಓಡುವುದು. ಸೊಂಟಕ್ಕೆ ಫೋಮ್ ಬೆಲ್ಟ್ ಕಟ್ಟಿ, ಪಾದ ತಳಕ್ಕೆ ತಾಗದಷ್ಟು ಆಳದಲ್ಲಿ ನೆಟ್ಟಗೆ ನಿಂತು, ನೆಲದ ಮೇಲೆ ಓಡಿದ ಹಾಗೆಯೇ ಮಂಡಿ ಎತ್ತಿ ಕೈ ಬೀಸಬೇಕು. ಅಪಾರ್ಟ್‌ಮೆಂಟ್‌ಗಳ ನಾಲ್ಕಡಿ ಪೂಲ್ ಇದಕ್ಕೆ ಸಾಲಲ್ಲ. ಆಳ ಇರುವ ಪೂಲ್ ಹುಡುಕಬೇಕು, ಬೆಳಗಿನ ಬ್ಯಾಚ್‌ಗೆ ಪಾಸ್ ಮಾಡಿಸಬೇಕು. ಅಂಗೈಯಿಂದ ನೀರು ತಳ್ಳಿದರೆ ಅದು ಮೋಸ, ಮುಷ್ಟಿ ಕಟ್ಟಿರಬೇಕು. ಮುಂದೆ ಬಗ್ಗಿದರೆ ಈಜಿದ ಹಾಗಾಗುತ್ತದೆ. ಪಕ್ಕದ ಲೇನ್‌ನಲ್ಲಿದ್ದ ಹಿರಿಯರೊಬ್ಬರು ಮೊದಲ ದಿನ ಗಾಬರಿಯಿಂದ "ಏನ್ರೀ, ಮುಳುಗ್ತಾ ಇದ್ದೀರಾ?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ನೋಡಲು ಹಾಗೇ ಇರುತ್ತದೆ.

ಇದರ ದೊಡ್ಡ ಶತ್ರು ಬೇಜಾರು. ಗೋಡೆ, ಗಡಿಯಾರ, ಗೋಡೆ. ಅದಕ್ಕೆ ನಾನು ಇಂಟರ್ವಲ್‌ಗೆ ಇಳಿದೆ: ಒಂದು ನಿಮಿಷ ಜೋರಾಗಿ, ಅರ್ಧ ನಿಮಿಷ ಹಗುರಾಗಿ, ಹೀಗೇ ಮುಂದುವರಿಕೆ. ವಾಚ್ ತೋರಿಸುವ ಹಾರ್ಟ್ ರೇಟ್ ನೋಡಿ ನಿರಾಶರಾಗಬೇಡಿ. ಅಷ್ಟೇ ಕಷ್ಟಪಟ್ಟರೂ ನೀರಿನಲ್ಲಿ ಅದು ನೆಲಕ್ಕಿಂತ ಸುಮಾರು 10 ಬಡಿತ ಕಡಿಮೆ ತೋರಿಸುತ್ತದೆ. ಕೊನೆಗೆ ಉಸಿರು ಎಷ್ಟು ಏರಿದೆ ಎಂಬುದೇ ಅಳತೆ. ಡಿಸೆಂಬರ್ ಬೆಳಿಗ್ಗೆ ಬಯಲು ಪೂಲ್‌ಗೆ ಇಳಿಯುವುದು ಬೇರೆಯೇ ಶಿಕ್ಷೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗಿದ್ದೂ ದಮ್ಮು ಉಳಿಸಿದ್ದು ಇದೇ. ಮತ್ತೆ ರಸ್ತೆಗೆ ಇಳಿದಾಗ ನನ್ನ ಪೇಸ್ ನಾನು ಅಂದುಕೊಂಡಷ್ಟು ಬಿದ್ದಿರಲಿಲ್ಲ. ಹಿಮ್ಮಡಿಗೆ ಮಾತ್ರ ನೀರಿನಿಂದ ಲಾಭವಿಲ್ಲ. ಅಲ್ಲಿ ಭಾರವೇ ಇಲ್ಲವಲ್ಲ.

ಇನ್ನು ಮೆಟ್ಟಿಲು. ಖರ್ಚಿಲ್ಲ, ಪಾಸ್ ಬೇಡ, ಮನೆ ಬಾಗಿಲಲ್ಲೇ ಇದೆ. ಇದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ. ಸ್ವೀಡನ್‌ನ ಮೂಳೆ ಡಾಕ್ಟರ್ ಹೋಕನ್ ಆಲ್ಫ್ರೆಡ್ಸನ್ ಅವರಿಗೇ ಅಕಿಲಿಸ್ ನೋವಿತ್ತು. ಆಪರೇಷನ್ ಮಾಡಿ ಎಂದರೆ ಅವರ ಮೇಲಧಿಕಾರಿ ಒಪ್ಪಲಿಲ್ಲ. ಹಾಗಾದರೆ ಪೂರ್ತಿ ಹಾಳು ಮಾಡಿಕೊಂಡೇ ಬರುತ್ತೇನೆ ಎಂದು ಹಟಕ್ಕೆ ಬಿದ್ದು ಕಾಲಿಗೆ ಭಾರ ಹಾಕಿದರು. ನೋವೇ ಹೋಯಿತು! ಆಮೇಲೆ 15 ಹವ್ಯಾಸಿ ಕ್ರೀಡಾಪಟುಗಳಿಗೆ ಅದನ್ನೇ ಮಾಡಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. 12 ವಾರದಲ್ಲಿ ಅಷ್ಟೂ ಜನ ಓಟಕ್ಕೆ ಮರಳಿದ್ದರು.

ಮಾಡುವುದು ಹೀಗೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಒಳ್ಳೆ ಕಾಲಿನ ಬಲದಿಂದ ಮೇಲೆದ್ದು, ಭಾರವನ್ನು ನೋವಿರುವ ಕಾಲಿಗೆ ದಾಟಿಸಿ, ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ ಮತ್ತೆ 15ರಂತೆ ಮೂರು ಸಲ, ಬೆಳಿಗ್ಗೆ ಮತ್ತು ಸಂಜೆ. ದಿನಕ್ಕೆ ಒಟ್ಟು 180. ಮಂಡಿ ಬಗ್ಗಿಸುವುದು ಮೀನಖಂಡದ ಒಳಪದರದ ಸ್ನಾಯುವಿಗೆ, ಓಟದಲ್ಲಿ ದುಡಿಯುವುದು ಅದೇ ಜಾಸ್ತಿ. ನೋವಿಲ್ಲದೆ ಆಗುತ್ತಿದೆ ಎನ್ನಿಸಿದಾಗ ಬೆನ್ನಿಗೆ ಚೀಲ. ನಾನು ಅಕ್ಕಿ ಪ್ಯಾಕೆಟ್ ತುಂಬಿಕೊಂಡು ನಿಲ್ಲುತ್ತಿದ್ದೆ, ಹಾಲಿನವನು ಇವರಿಗೇನಾಯಿತು ಎಂಬಂತೆ ನೋಡಿಕೊಂಡು ಹೋಗುತ್ತಿದ್ದ. ಒಂದು ಎಚ್ಚರಿಕೆ: ನೋವು ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲಿದ್ದರೆ ಹೀಗೆ. ಟೆಂಡನ್ ಮೂಳೆಗೆ ಅಂಟುವ ಜಾಗದಲ್ಲೇ ನೋವಿದ್ದರೆ ಸಮತಟ್ಟು ನೆಲದವರೆಗೆ ಇಳಿಸಿದರೆ ಸಾಕು, ಅದಕ್ಕಿಂತ ಕೆಳಗೆ ಬೇಡ.

ಮೆಟ್ಟಿಲಿನ ದೋಷ ಅಂದರೆ ಅದರ ನಿಧಾನ. ಮೊದಲ ಎರಡು ವಾರ ನೋವು ಇನ್ನೂ ಜಾಸ್ತಿಯಾದ ಹಾಗೆ ಅನಿಸಿತು. ದಿನಾ 180 ಎಣಿಸುವಷ್ಟು ತಾಳ್ಮೆ ಇಲ್ಲದವರಿಗೆ ಜಿಮ್‌ನಲ್ಲಿ ವಾರಕ್ಕೆ ಮೂರು ಸಲ ಜಾಸ್ತಿ ತೂಕ ಹಾಕಿ ನಿಧಾನವಾಗಿ ಏರಿ ಇಳಿಯುವ ದಾರಿಯೂ ಇದೆ. ಡೆನ್ಮಾರ್ಕ್‌ನಲ್ಲಿ 2015ರಲ್ಲಿ ಎರಡನ್ನೂ ಹೋಲಿಸಿದಾಗ ಫಲ ಹೆಚ್ಚು ಕಡಿಮೆ ಒಂದೇ ಬಂತು. 12 ವಾರ ಕಳೆದಾಗ ತೂಕದ ಗುಂಪಿನವರೇ ಹೆಚ್ಚು ಖುಷಿಯಾಗಿದ್ದರು. ನನಗೆ ಜಿಮ್‌ಗಿಂತ ಮೆಟ್ಟಿಲೇ ಹಿಡಿಸಿತು. ಕುಕ್ಕರ್ ಕೂಗುವಷ್ಟರಲ್ಲಿ ಒಂದು ಸರದಿ ಮುಗಿಯುತ್ತದೆ.

ಓಟವನ್ನೇ ಪೂರ್ತಿ ಬಿಡಬೇಕಾ? ಬೇಕಿಲ್ಲ. ಸ್ವೀಡನ್‌ನದೇ 2007ರ ಅಧ್ಯಯನವೊಂದರಲ್ಲಿ ವ್ಯಾಯಾಮದ ಜೊತೆ ನೋವನ್ನು ಗಮನಿಸುತ್ತಾ ಓಡಿದವರೂ, ಮೊದಲ ಆರು ವಾರ ಓಟ ಬಿಟ್ಟವರೂ ಒಂದೇ ಮಟ್ಟಿಗೆ ಸುಧಾರಿಸಿದ್ದರು. ಅವರ ನಿಯಮವನ್ನೇ ನಾನೂ ಇಟ್ಟುಕೊಂಡೆ. ಹತ್ತರ ಅಳತೆಯಲ್ಲಿ ನೋವು 5 ದಾಟಬಾರದು. ಮರುದಿನ ಬೆಳಿಗ್ಗೆ ಹೊತ್ತಿಗೆ ಇಳಿದಿರಬೇಕು. ವಾರದಿಂದ ವಾರಕ್ಕೆ ಏರಬಾರದು. ಈ ಲೆಕ್ಕ ಹಾಕುವವರು ನೋವಿನ ಮಾತ್ರೆ ನುಂಗಿ ಓಡಬಾರದು, ಅಳತೆಗೋಲೇ ಸುಳ್ಳಾಗುತ್ತದೆ. ಉದ್ದ ಓಟದಲ್ಲಿ ಐಬುಪ್ರೊಫೆನ್ ಕಿಡ್ನಿಗೂ ಒಳ್ಳೆಯದಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸಿಪ್ರೊಫ್ಲಾಕ್ಸಸಿನ್ ನುಂಗುವ ಅಭ್ಯಾಸ ಇದ್ದವರು ಇನ್ನೊಂದು ತಿಳಿದಿರಲಿ: ಆ ಜಾತಿಯ ಆಂಟಿಬಯಾಟಿಕ್‌ಗಳು ಟೆಂಡನ್‌ಗೆ ಹಾನಿ ಮಾಡಬಲ್ಲವು ಎಂದು 2008ರಿಂದ ಅಮೆರಿಕದಲ್ಲಿ ಔಷಧದ ಮೇಲೇ ಎಚ್ಚರಿಕೆ ಮುದ್ರಿಸುತ್ತಾರೆ. ಶೂ ಒಳಗೆ ಹಿಮ್ಮಡಿಗೆ ಇಡುವ ಪ್ಯಾಡ್ ಅಗ್ಗ, ನಡೆಯುವಾಗ ಹಾಯೆನಿಸಿತು, ಅಷ್ಟೇ. ನೋವಿನ ಸ್ಪ್ರೇ ವಾಸನೆ ಮಾತ್ರ ಚೆನ್ನಾಗಿದೆ. ಓಡುವಾಗ ಫಟ್ ಎಂದು ಶಬ್ದ ಬಂದು ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಅವತ್ತೇ ಡಾಕ್ಟರ್.

ನನ್ನ ವಾರ ಕೊನೆಗೆ ಹೀಗಾಯಿತು: ದಿನಾ ಮೆಟ್ಟಿಲು, ದಿನ ಬಿಟ್ಟು ದಿನ ಪೂಲ್, ನಡುವೆ ಸಪಾಟು ದಾರಿಯಲ್ಲಿ ಚಿಕ್ಕ ಓಟ. ಪೂಲ್ ರಜೆ ಇದ್ದ ದಿನ ಸೈಕಲ್. ಮುಂಬೈಯಲ್ಲಿ 42.195 ಕಿಲೋಮೀಟರ್ ಮುಗಿಸಿದೆ, ಅಂದುಕೊಂಡ ಸಮಯಕ್ಕಿಂತ ತಡವಾಗಿ. ವಾಪಸ್ ಬರುವಾಗಿನ ಪೆಡ್ಡರ್ ರೋಡ್ ಏರನ್ನು ನಡೆದೇ ಹತ್ತಿದೆ. ಏರಿನಲ್ಲಿ ಟೆಂಡನ್ ಮೇಲೆ ಎಳೆತ ಜಾಸ್ತಿ ಅನ್ನುವುದೊಂದು ಕಾರಣ, ಆ ಹೊತ್ತಿಗೆ ಓಡುವ ಮನಸ್ಸೂ ಇರಲಿಲ್ಲ ಅನ್ನುವುದು ಇನ್ನೊಂದು. ಪೂಲ್ ಪಾಸ್ ಮತ್ತೆ ಮಾಡಿಸಿಲ್ಲ. ಮೆಟ್ಟಿಲನ್ನು ವಾರಕ್ಕೆ ಎರಡು ಸಲ ಈಗಲೂ ಬಿಟ್ಟಿಲ್ಲ, ಅದೂ ಎರಡೂ ಕಾಲಿಗೆ. ಒಂದು ಕಾಲಿಗೆ ಬಂದವರಿಗೆ ಇನ್ನೊಂದಕ್ಕೂ ಬರುವುದು ಅಪರೂಪವೇನಲ್ಲ.