ಐಪ್ಟೇಸಿಯಾ ಕಾಟಕ್ಕೆ ಸುಣ್ಣವೋ, ಸಿಗಡಿಯೋ, ಬರ್ಘಿಯಾವೋ?

ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆ, ಅಂದರೆ ಹೊಸ ರೀಫ್ ಟ್ಯಾಂಕಿಗೆ, ಲೈವ್ ರಾಕ್ (ಸಣ್ಣ ಜೀವಿಗಳು ನೆಲೆಸಿದ ಕಡಲ ಕಲ್ಲು) ಇಳಿಸಿದರೆ ಕಲ್ಲಿನ ಜೊತೆ ಕರೆಯದ ನೆಂಟರೂ ಬರುತ್ತಾರೆ. ಮೈತುಂಬ ಚುಚ್ಚುವ ಕೂದಲಿರುವ ಬ್ರಿಸಲ್ ವರ್ಮ್ ಹುಳು ಕಂಡರೆ ಗಾಬರಿ ಬೇಡ. ಉಳಿದ ಆಹಾರ ತಿಂದು ಚೊಕ್ಕ ಮಾಡುತ್ತೆ, ಬರಿಗೈಲಿ ಮುಟ್ಟದಿದ್ದರೆ ಸಾಕು. ನಿಜವಾದ ಕಾಟ ಐಪ್ಟೇಸಿಯಾದ್ದು. ಕಂದು ಬಣ್ಣದ ಈ ಪುಟ್ಟ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಪಕ್ಕದ ಹವಳವನ್ನು ಕುಟುಕುತ್ತದೆ. ಬುಡದ ಒಂದು ಚೂರು ಉಳಿದರೂ ಮತ್ತೆ ಚಿಗುರುತ್ತದೆ. ಇದನ್ನು ತೊಲಗಿಸಲು ಮೂರು ದಾರಿ ನೋಡಿದ್ದೇನೆ, ನನ್ನ ಓಟು ಬರ್ಘಿಯಾ ಎಂಬ ಕಡಲ ಹುಳುವಿಗೆ.

ಮೊದಲು ಸುಣ್ಣ, ಅಂದರೆ ಕಲ್ಕ್‌ವಾಸರ್ ಪುಡಿಯ ಪೇಸ್ಟ್. ಅಗ್ಗ, ಎದುರಿಗೇ ಕೆಲಸ ಮಾಡುತ್ತೆ. ಪಂಪ್ ನಿಲ್ಲಿಸಿ, ಸಿರಿಂಜನ್ನು ಮೆಲ್ಲಗೆ ಹತ್ತಿರ ತಂದು ಐಪ್ಟೇಸಿಯಾದ ಬಾಯಿಯ ಮೇಲೆ ಬಿಡಬೇಕು. ನೀರು ಸ್ವಲ್ಪ ಅಲುಗಿದರೂ ಅದು ಸರಕ್ಕನೆ ತೂತಿನೊಳಗೆ ಸೇರಿಕೊಳ್ಳುತ್ತೆ. ಒಂದೇ ಸಲ ಜಾಸ್ತಿ ಹಾಕಿದರೆ ಪಿಎಚ್ ಏರುತ್ತೆ.

ಇನ್ನು ಐಪ್ಟೇಸಿಯಾ ತಿನ್ನುವ ಪೆಪ್ಪರ್‌ಮಿಂಟ್ ಸಿಗಡಿ. ಕೊಳ್ಳುವಾಗ ಬೆನ್ನು ನೋಡಿ. ಗೂನು ಬೆನ್ನು, ಕೆಂಪಿನ ನಡುವೆ ಎದ್ದು ಕಾಣುವ ಬಿಳಿ ಪಟ್ಟೆ ಇದ್ದರೆ ಅದು ಕ್ಯಾಮಲ್ ಸಿಗಡಿ, ಹವಳವನ್ನೇ ತಿನ್ನುತ್ತೆ. ನನಗೆ ಸಿಕ್ಕಿದ್ದು ಅಸಲಿಯೇ. ಚಿಕ್ಕ ಐಪ್ಟೇಸಿಯಾಗಳನ್ನು ತಿಂದವು, ದೊಡ್ಡವನ್ನು ಮುಟ್ಟಲೇ ಇಲ್ಲ. ಮೀನಿನ ಆಹಾರದ ರುಚಿ ಹತ್ತಿದ ಮೇಲೆ ಅದೂ ನಿಂತಿತು. ಹವಳಕ್ಕೆ ತಿನ್ನಲು ಕೊಟ್ಟರೆ ಅದರ ಬಾಯಿಂದಲೇ ಕಿತ್ತುಕೊಳ್ಳುತ್ತಿದ್ದವು.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಈ ಸಿಗಡಿ ಬರ್ಘಿಯಾವನ್ನೂ ತಿನ್ನುತ್ತೆ! ಇದು ಟ್ಯಾಂಕಿನಲ್ಲಿ ಇರೋವರೆಗೂ ಅದನ್ನು ತರುವ ಹಾಗಿಲ್ಲ. ಹಿಡಿಯೋಣ ಅಂದರೆ ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿರುತ್ತೆ. ಬಲೆ ಹಾಕಿದರೆ ಹಿಂದಕ್ಕೆ ಚಿಮ್ಮಿ ಮಾಯ.

ಕೊನೆಗೆ ಒಲಿದದ್ದು ನೀರಿನ ಬಾಟಲಿ. ಕತ್ತು ಕತ್ತರಿಸಿ, ತಿರುಗಿಸಿ ಒಳಗೆ ಸಿಕ್ಕಿಸಿ, ತಳದಲ್ಲಿ ಮೀನಿನ ಚೂರು ಇಟ್ಟೆ. ಲೈಟ್ ಆರಿಸಿ ಕೆಂಪು ಟಾರ್ಚಿನಲ್ಲಿ ನೋಡಿದರೆ ಮೀಸೆ ಆಡಿಸುತ್ತ ಬಾಟಲಿಯ ಸುತ್ತಲೇ ಸುತ್ತುತ್ತಿದ್ದವು. ಎಲ್ಲವೂ ಸಿಗೋವರೆಗೆ ರಾತ್ರಿ ಈ ಬೋನು ಇಡೋದು, ಬೆಳಿಗ್ಗೆ ಎದ್ದು ನೋಡೋದು, ಇದೇ ಕೆಲಸ. ಅದಕ್ಕೇ ಹೇಳೋದು, ಬರ್ಘಿಯಾ ತರುವ ಯೋಚನೆ ಇದ್ದರೆ ಸಿಗಡಿ ತರಲೇಬೇಡಿ.

ಬರ್ಘಿಯಾ ಚಿಪ್ಪಿಲ್ಲದ ಕಡಲ ಬಸವನಹುಳು. ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನೋದಿಲ್ಲ, ಹವಳದ ಚಿಂತೆಯೇ ಇಲ್ಲ. ತಿಂದದ್ದರ ಕುಟುಕು ಕಣಗಳನ್ನು ಬೆನ್ನಿನ ಎಸಳುಗಳಲ್ಲಿ ಕೂಡಿಟ್ಟುಕೊಳ್ಳುತ್ತೆ, ಎಂಥ ಸೊಗಸು ಅಲ್ವಾ! ಕೈ ಹೋಗದ ಸಂದಿಗೂ ಅದು ಹೋಗುತ್ತೆ. ಆದರೆ ರಾತ್ರಿ ಮಾತ್ರ ಓಡಾಟ, ಕೆಲಸ ನಿಧಾನ. ಎಷ್ಟೋ ವಾರ ಏನೂ ನಡೆದಂತೆ ಕಾಣಲಿಲ್ಲ. ಆಮೇಲೆ ಗಾಜಿನ ಮೇಲೆ ಸುರುಳಿ ಸುರುಳಿ ಬಿಳಿ ಮೊಟ್ಟೆ ಕಂಡವು, ಐಪ್ಟೇಸಿಯಾ ಕರಗುತ್ತಾ ಬಂತು. ಸಿಕ್ಸ್‌ಲೈನ್ ರ‍್ಯಾಸ್‌ನಂಥ ಮೀನು ಇದ್ದರೆ ಬರ್ಘಿಯಾ ಉಳಿಯೋದು ಕಷ್ಟ. ಹುಳು ಒಳಗೆ ಎಳೆದುಹೋಗದಂತೆ ಪಂಪಿನ ಬಾಯಿಗೆ ಸ್ಪಂಜ್ ಕಟ್ಟಿ.

ಬೆಲೆ ಸಿಗಡಿಗಿಂತ ಜಾಸ್ತಿ, ನಿಜ. ನನ್ನದು ಸಣ್ಣ ಟ್ಯಾಂಕ್, ನಾಲ್ಕಾರು ಹುಳು ಸಾಕಾಯಿತು. ಆಫೀಸಿನಿಂದ ಬಂದು ಸಿರಿಂಜ್ ಹಿಡಿದು ಕೂರುವ ತಾಳ್ಮೆ ನನಗಿಲ್ಲ, ಕಾಯುವ ತಾಳ್ಮೆ ಇದೆ. ನಿಮ್ಮಲ್ಲಿ ಒಂದೆರಡೇ ಐಪ್ಟೇಸಿಯಾ ಇದ್ದರೆ ಇಷ್ಟು ಖರ್ಚು ಬೇಡ, ಸುಣ್ಣವೇ ಸಾಕು. ಐಪ್ಟೇಸಿಯಾ ಮುಗಿದರೆ ಬರ್ಘಿಯಾ ಉಪವಾಸ ಸಾಯುತ್ತೆ. ಅಷ್ಟರೊಳಗೆ ಇದೇ ಕಾಟ ಇರುವ ಇನ್ನೊಬ್ಬರಿಗೆ ಕೊಟ್ಟುಬಿಡಿ.