‘ಹದಿನಾಲ್ಕು ಕೊಡತೈತ್ರಿ’ ಅಂದ, ಲೆಕ್ಕ ನಾನೇ ಹಾಕಿದೆ: ಹಳೇ ಜಿಪ್ಸಿ ತಗೊಳ್ಳುವವರು ಒಮ್ಮೆ ಓದಿ

ಹದಿನಾಲ್ಕು. ಈ ನಂಬರ್ ಕೇಳಿದರೆ ಈಗ ಮೈಯೆಲ್ಲಾ ಉರಿಯುತ್ತದೆ. ಲೀಟರ್‌ಗೆ ಹದಿನಾಲ್ಕು ಕಿಲೋಮೀಟರ್ ಎವರೇಜ್ ಕೊಡುತ್ತದೆ ಅಂತ ಏಜೆಂಟ್ ಬಾಯಿಮಾತಲ್ಲಿ ಹೇಳಿ, ನಾನು ನಂಬಿ ಮೋಸ ಹೋಗಿದ್ದರೆ, ನನ್ನ ಪೆದ್ದತನ ಅಂತ ಸುಮ್ನೆ ಇರುತ್ತಿದ್ದೆ. ಆದರೆ ನಾನು ನಂಬಿರಲಿಲ್ಲ. ತೋರಿಸು ಅಂದೆ. ತೋರಿಸಿದ. ಭಾಗಾಕಾರ ನಾನೇ ಮಾಡಿದೆ, ನನ್ನದೇ ಮೊಬೈಲ್‌ನಲ್ಲಿ. 14.28 ಬಂತು. ಅದಕ್ಕೇ ಇಷ್ಟು ಸಿಟ್ಟು.

ಹುಬ್ಬಳ್ಳಿಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಅಣ್ಣಿಗೇರಿ ಹತ್ತಿರ ಒಂಬತ್ತು ಎಕರೆ ಎರೆ ಹೊಲ ಇದೆ. ಎರೆ ಹೊಲ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮಳೆ ಬಿದ್ದರೆ ಚಕ್ಕಡಿ ದಾರಿಯಲ್ಲಿ ಬೈಕ್ ಹೋಗಲ್ಲ, ಕಾರಂತೂ ಕೇಳಲೇಬೇಡಿ, ಚಪ್ಪಲಿ ಸಹ ರಾಡಿಯಲ್ಲೇ ಉಳಿಯುತ್ತದೆ. ಹೆಸರು ಬಿತ್ತುವ ಹೊತ್ತಿಗೆ ಹೊಲಕ್ಕೆ ಹೋಗಿ ಬರಲು ಒಂದು ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕಿತ್ತು. ಹೊಸದಕ್ಕೆ ದುಡ್ಡಿಲ್ಲ. ಮಾರುತಿಯವರ ಜೀಪು ಜಿಪ್ಸಿ ಮೇಲೆ ಕಾಲೇಜು ದಿನಗಳಿಂದ ಆಸೆ. ಗಾಡಿ ಹಗುರ, ತೂಕ ಒಂದು ಟನ್ ಆಸುಪಾಸು, ರಾಡಿಯಲ್ಲಿ ಹಗುರ ಗಾಡಿಯೇ ಬೇಕು. ಹೆದರಿಕೆ ಒಂದೇ. ಪೆಟ್ರೋಲ್. 1.3 ಲೀಟರ್ ಇಂಜಿನ್, ಕುಡಿಯುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು.

ಆ ಹೆದರಿಕೆಯನ್ನೇ ಅವನು ಹಿಡಿದುಕೊಂಡ. ಹೆಸರು ಬರೆಯುವುದಿಲ್ಲ, ಊರಿನಲ್ಲಿ ಹಳೇ ಗಾಡಿ ವ್ಯವಹಾರ ಮಾಡುವ ಏಜೆಂಟ್ ಅಂತ ಇಟ್ಟುಕೊಳ್ಳಿ. 2012ರ ಮಾಡೆಲ್, ಕೆಎ-25 ಪಾಸಿಂಗ್, 4,35,000 ರೂಪಾಯಿ. ನಾನು ಮೊದಲ ಮಾತಲ್ಲೇ ಎವರೇಜ್ ಕೇಳಿದೆ.

“ಹದಿನಾಲ್ಕು ಕೊಡತೈತ್ರಿ ಅಣ್ಣಾರ. ಮಂದಿ ಸುಳ್ಳ ಹೇಳತಾರ. ಹೊಡ್ಯಾಕ ಬರಬೇಕ್ರಿ.”

ನಕ್ಕೆ. ಅವನು ನಗಲಿಲ್ಲ. “ನಾಳೆ ಮುಂಜಾನೆ ಬರ್ರಿ. ಟಾಕಿ ಫುಲ್ ಮಾಡಿ ತೋರಸ್ತೇನಿ. ಹದಿನಾಲ್ಕಕ್ಕ ಒಂದ ಕಡಿಮಿ ಆದ್ರೂ ಗಾಡಿ ಒಯ್ಯಬ್ಯಾಡ್ರಿ.”

ಇಷ್ಟು ಗಟ್ಟಿಯಾಗಿ ಹೇಳಿದರೆ ಯಾರು ನಂಬಲ್ಲ ಹೇಳಿ?

ಬೆಳಿಗ್ಗೆ ಆರಕ್ಕೆ ಗದಗ ರಸ್ತೆಯ ಒಂದು ಪಂಪ್‌ಗೆ ಹೋದೆವು. ಇಲ್ಲಿಂದ ಸ್ವಲ್ಪ ನಿಧಾನ ಓದಿ. ಪಂಪ್ ಹುಡುಗ ಪೆಟ್ರೋಲ್ ಹಾಕಿದ, ಟಕ್ ಅಂತ ಆಟೋ ಕಟ್ ಆಯಿತು, ಅಂದರೆ ಟಾಕಿ ತುಂಬಿತು ಅಂತ ಪೈಪ್ ತಾನೇ ನಿಂತಿತು. ಏಜೆಂಟ್ “ಏ ತಡಿಯಪಾ, ಇದು ಫುಲ್ ಅಲ್ಲ” ಅಂದ. ಗಾಡಿಯ ಹಿಂದೆ ನಿಂತು ಬಂಪರ್ ಹಿಡಿದು ಗಡಗಡ ಅಲ್ಲಾಡಿಸಿದ. ಗಾಳಿ ಹೊರಗೆ ಬರಬೇಕಂತೆ. ಮತ್ತೆ ಹಾಕಿಸಿದ. ಮತ್ತೆ ಅಲ್ಲಾಡಿಸಿದ. ಟಾಕಿಯ ಬಾಯಿಯಲ್ಲಿ ಪೆಟ್ರೋಲ್ ಕಣ್ಣಿಗೆ ಕಾಣುವ ತನಕ ಬಿಡಲಿಲ್ಲ. ನಾನು ಪಕ್ಕದಲ್ಲಿ ನಿಂತು ಏನು ಅಂದ್ಕೊಂಡೆ ಗೊತ್ತಾ? ಎಂಥ ಪ್ರಾಮಾಣಿಕ ಮನುಷ್ಯ ಅಂದ್ಕೊಂಡೆ. ನಿಜವಾಗಿ. ಮನಸ್ಸಲ್ಲೇ ಮೆಚ್ಚಿಕೊಂಡೆ.

ಮೀಟರ್ ಓದಿ ಬರೆದುಕೊಂಡೆ. ಮೊಬೈಲ್‌ನಲ್ಲಿ ಮ್ಯಾಪ್ ಹಾಕಲು ಹೋದರೆ “ಅದೇನ್ ಬ್ಯಾಡ್ರಿ, ಫೋನ್ ಅಡ್ಡಾದಿಡ್ಡಿ ತೋರಸತೈತಿ, ಗಾಡಿ ಮೀಟರ್ ನಂಬ್ರಿ” ಅಂದ. ಹೌದಲ್ಲಾ ಅಂತ ಫೋನ್ ಜೇಬಿಗೆ ಇಟ್ಟೆ. ಶಿರಗುಪ್ಪಿ, ಭಂಡಿವಾಡ ದಾಟಿ ನಲವಡಿ ಹತ್ತಿರ ತಿರುಗಿಸಿದೆವು. ಸಪಾಟು ರಸ್ತೆ, ಸಿಗ್ನಲ್ ಇಲ್ಲ, ಟ್ರಾಫಿಕ್ ಇಲ್ಲ. ಅವನೇ ಓಡಿಸಿದ. ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಆಕ್ಸಿಲರೇಟರ್ ಒತ್ತುತ್ತಿದ್ದ. ಅದೇ ಪಂಪ್‌ಗೆ ಬಂದಾಗ ಮೀಟರ್ ಲೆಕ್ಕಕ್ಕೆ ಸರಿಯಾಗಿ 60 ಕಿಲೋಮೀಟರ್.

ಪೆಟ್ರೋಲ್ ಹಾಕಿದರು. ಟಕ್ ಅಂತು. “ಸಾಕ್ ತಗಿ, ಆಟೋ ಕಟ್ ಆತು” ಅಂದ. 4.2 ಲೀಟರ್. ಬಿಲ್ ನನ್ನ ಕೈಗೇ ಕೊಟ್ಟ. “ಲೆಕ್ಕ ನೀವ ಮಾಡ್ರಿ ಅಣ್ಣಾರ, ನಾ ಮಾಡಿದ್ರ ಸುಳ್ಳ ಅಂತೀರಿ.”

ಮಾಡಿದೆ. 14.28. ಈ ಸಲ ಅಲ್ಲಾಡಿಸಲಿಲ್ಲವಲ್ಲ ಅಂತ ತಲೆಗೆ ಹೊಳೆಯಲೇ ಇಲ್ಲ. ಖುಷಿಯಲ್ಲಿದ್ದೆ. ಅಲ್ಲೇ ಪಕ್ಕದ ಅಂಗಡಿಯಲ್ಲಿ ಮಿರ್ಚಿ, ಚಹಾ ಆಯಿತು. ಅದರ ದುಡ್ಡೂ ನಾನೇ ಕೊಟ್ಟೆ. 25,000 ಸಂಚಕಾರ ಕೊಟ್ಟೆ.

ಮೊದಲ ತಿಂಗಳು ಮೀಟರ್ ಪ್ರಕಾರ ಹನ್ನೊಂದು ಬಂತು. ನನ್ನ ಕಾಲು ಭಾರ ಇರಬೇಕು ಅಂದ್ಕೊಂಡೆ. ಅವನಿಗೆ ಫೋನ್ ಮಾಡಿದರೆ ಅವನೂ ಅದನ್ನೇ ಹೇಳಿದ. ನೋಡಿ, ಹನ್ನೊಂದು ಬಂದಾಗಲೂ ತಪ್ಪು ನನ್ನದೇ ಅಂತ ಒಪ್ಪಿಕೊಂಡಿದ್ದೆ.

ಗೊತ್ತಾಗಿದ್ದು ಗದಗಿನ ಒಂದು ಮದುವೆಯಿಂದ. ಹೆಂಡತಿಯ ತಮ್ಮ ಅವನ ಕಾರಿನಲ್ಲಿ, ನಾವು ಜಿಪ್ಸಿಯಲ್ಲಿ, ಹಿಂದೆ-ಮುಂದೆಯೇ ಹೋದೆವು. ಕಲ್ಯಾಣ ಮಂಟಪದ ಎದುರು ಇಳಿದು ಎವರೇಜ್ ಮಾತು ಬಂತು. ಅವನ ಮೀಟರ್‌ನಲ್ಲಿ 58 ಕಿಲೋಮೀಟರ್ ಆಗಿತ್ತು. ನನ್ನದರಲ್ಲಿ 70. ಅವನು ನಗುತ್ತಾ “ಮಾಮಾ, ನೀವು ಬ್ಯಾರೆ ಗದಗಕ್ಕ ಹೋಗಿ ಬಂದ್ರೇನು?” ಅಂದ. ಎಲ್ಲರೂ ನಕ್ಕರು. ನನಗೆ ಊಟ ಇಳಿಯಲಿಲ್ಲ.

ಮರುದಿನ ಬೆಳಗಾಗುವ ಮುಂಚೆ ಹೆಂಡತಿಯನ್ನು ಕೂರಿಸಿಕೊಂಡು ಅದೇ ರಸ್ತೆಗೆ ಹೋದೆ. ಅವಳು ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಎಣಿಸಿದಳು, ನಾನು ಮೀಟರ್ ನೋಡಿದೆ. ಒಂದು ಕಲ್ಲಿನಿಂದ ಐದು ಕಲ್ಲು ದಾಟಿದರೆ ಐದು ಕಿಲೋಮೀಟರ್, ಅಲ್ವಾ? ಮೀಟರ್ ಆರು ತೋರಿಸಿತು. ತಿರುಗಿ ಬರುವಾಗಲೂ ಆರು. ಮೊಬೈಲ್ ಮ್ಯಾಪ್ ಹಾಕಿ ನೋಡಿದೆ, ಅದು ಐದು ಅಂತು. ಕಲ್ಲೂ ಸರಿ, ಫೋನೂ ಸರಿ. ಸುಳ್ಳು ಹೇಳುತ್ತಿದ್ದದ್ದು ಗಾಡಿ. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. (60ರಲ್ಲಿ ಹೋಗುತ್ತಿದ್ದೇನೆ ಅಂತ ತಿಳಿದು ನಾನು 50ರಲ್ಲಿ ಹೋಗುತ್ತಿದ್ದೆ. ಲಾರಿಯವರು ಹಿಂದಿನಿಂದ ಅಷ್ಟೊಂದು ಹಾರ್ನ್ ಯಾಕೆ ಹೊಡೆಯುತ್ತಿದ್ದರು ಅಂತ ಆವತ್ತು ತಿಳಿಯಿತು.)

ಆಮೇಲೆ ಟಾಕಿಯ ಲೆಕ್ಕವನ್ನೂ ತೆಗೆದೆ. ಆಟೋ ಕಟ್ ಆದ ಮೇಲೆ ಅವನ ಹಾಗೆಯೇ ಅಲ್ಲಾಡಿಸಿ ಹಾಕಿಸಿದೆ. ಇನ್ನೂ 1.1 ಲೀಟರ್ ಹೋಯಿತು! ಟೆಸ್ಟ್ ದಿನ ಮೊದಲ ಸಲ ಅಲ್ಲಾಡಿಸಿ ತುಂಬಿಸಿದ್ದ ಇಷ್ಟು ಪೆಟ್ರೋಲ್ ಎರಡನೇ ಸಲ ಲೆಕ್ಕಕ್ಕೇ ಬಂದಿರಲಿಲ್ಲ. ಈಗ ಕೂಡಿಸಿ ನೋಡಿ. ಓಡಿದ್ದು 60 ಅಲ್ಲ, 50. ಕುಡಿದದ್ದು 4.2 ಅಲ್ಲ, 5.3. ಎವರೇಜ್ ಒಂಬತ್ತೂವರೆಯೂ ಇಲ್ಲ. ಬರೀ ಐವತ್ತು-ಅರವತ್ತು ಕಿಲೋಮೀಟರ್ ಟೆಸ್ಟ್‌ನಲ್ಲಿ ಒಂದು ಲೀಟರ್ ಆಟ ಆಡಿದರೆ ಸಾಕು, ಒಂಬತ್ತು ಹನ್ನೆರಡಾಗುತ್ತದೆ. ಮೀಟರ್ ಆಟ ಸೇರಿಸಿದರೆ ಹದಿನಾಲ್ಕು. ಇದೇ ಟೆಸ್ಟ್ ಮುನ್ನೂರು ಕಿಲೋಮೀಟರ್ ಮಾಡಿದ್ದರೆ ಟಾಕಿಯ ಆಟ ನಡೆಯುತ್ತಿರಲಿಲ್ಲ. ನನಗೆ ಅದು ಆಗ ಯಾಕೆ ಹೊಳೆಯಲಿಲ್ಲ? ಅಂಗಡಿಯಲ್ಲಿ ದಿನಾ ಗ್ರಾಂ ಲೆಕ್ಕದಲ್ಲಿ ಬೀಜ ತೂಗುವವನು ನಾನು.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ, ನೀವೇ ನೋಡಿ.

ಮೊದಲು, “ಈಗ ಪೆಟ್ರೋಲಿನ್ಯಾಗ ಎಥನಾಲ್ ಹಾಕತಾರಲ್ರಿ, ಎಲ್ಲಾರ ಗಾಡೀದೂ ಎವರೇಜ್ ಬಿದ್ದೈತಿ.” ಸರಿ, ಇ20 ಪೆಟ್ರೋಲ್‌ನಲ್ಲಿ ಇಪ್ಪತ್ತು ಭಾಗ ಎಥನಾಲ್ ಇರುತ್ತದೆ, ಎಥನಾಲ್‌ಗೆ ಪೆಟ್ರೋಲ್‌ನಷ್ಟು ಕಸುವಿಲ್ಲ. ಹಳೇ ಗಾಡಿಗಳಲ್ಲಿ ಮೈಲೇಜ್ ಸ್ವಲ್ಪ ಬೀಳುತ್ತದೆ, ಸರ್ಕಾರವೇ ನೂರಕ್ಕೆ 3ರಿಂದ 6 ಅಂತ ಹೇಳಿದೆ. ಆರೇ ಇಟ್ಟುಕೊಳ್ಳೋಣ. ಹದಿನಾಲ್ಕು ಹದಿಮೂರಾಗಬೇಕು. ಒಂಬತ್ತು ಹೇಗಾಯಿತು? ಅಷ್ಟಕ್ಕೂ ನಾವು ಟೆಸ್ಟ್ ಮಾಡಿದ್ದೂ ಅದೇ ಪೆಟ್ರೋಲ್‌ನಲ್ಲೇ ಅಲ್ವಾ?

ಆಮೇಲೆ, “ಟೈರ್ ಹವಾ ನೋಡ್ರಿ.” ನೋಡಿದ್ದೆ. ಸರಿ ಇತ್ತು.

ಮೀಟರ್ ವಿಷಯ ಎತ್ತಿದಾಗ ಎರಡು ಸೆಕೆಂಡ್ ಸುಮ್ಮನಾದ. ಆಮೇಲೆ ಅಂದದ್ದು ನನಗೆ ಸಾಯುವ ತನಕ ಮರೆಯಲ್ಲ: “ಹಂಗಾದ್ರ ಗಾಡಿ ಖರೇ ಅಂದ್ರ ಮೀಟರ್‌ಗಿಂತ ಕಡಿಮಿ ಓಡೇತಿ ಅಂದಂಗ ಆತು. ನಿಮಗ ಲಾಭ ಅಲ್ರಿ ಅಣ್ಣಾರ?”

ಲಾಭ ಅಂತೆ! ಕೋಪದಲ್ಲಿ ನನಗೆ ಮಾತೇ ಹೊರಡಲಿಲ್ಲ. ಅವನು “ನೋಡಿ, ಓಡಿಸಿ, ಒಪ್ಪಿ ಒಯ್ದೀರಿ” ಅಂತ ಫೋನ್ ಇಟ್ಟ. ಒಪ್ಪಿದ್ದು ನಿಜ. ಬಿಲ್ ಇನ್ನೂ ನನ್ನ ಪಾಕೀಟಿನಲ್ಲೇ ಇದೆ.

ಇಷ್ಟಕ್ಕೇ ಮುಗಿದಿದ್ದರೆ ಪೆಟ್ರೋಲ್ ದುಡ್ಡು ಹೋಯಿತು ಅಂತ ಬಿಡಬಹುದಿತ್ತು. ಯಾವ ಕೆಲಸಕ್ಕೆ ಗಾಡಿ ತಂದೆನೋ ಅದೇ ಕೆಲಸಕ್ಕೆ ಹೊಲಕ್ಕೆ ಒಯ್ದೆ. ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ನಾಲ್ಕೂ ಚಕ್ರ ಎಳೆಯುವ ಫೋರ್-ಹೈ ಹಾಕಿದೆ, ಜಾರಿತು. ನಿಲ್ಲಿಸಿ ಇನ್ನೂ ನಿಧಾನ, ಇನ್ನೂ ಜೋರಾಗಿ ಎಳೆಯುವ ಫೋರ್-ಲೋ ಹಾಕಿದೆ. ಹಿಂದಿನ ಚಕ್ರ ಗರಗರ ತಿರುಗಿ ರಾಡಿ ಚಿಮ್ಮಿಸುತ್ತಾ ಆಕ್ಸಲ್ ತನಕ ಇಳಿದವು, ಮುಂದಿನ ಚಕ್ರ ಕದಲಲೇ ಇಲ್ಲ. ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದು ಸರಪಳಿ ಕಟ್ಟಿ ಎಳೆದರು. “ಜೀಪ ಹೊಲಕ್ಕ ತಂದ್ರೋ, ನಮ್ಮ ಟ್ರ್ಯಾಕ್ಟರ್‌ಗೆ ಕೆಲಸಾ ತಂದ್ರೋ ಸಾಹುಕಾರ್ರ?” ಅಂದರು. ಪ್ರೀತಿಯಿಂದಲೇ ಅಂದದ್ದು, ಆದರೂ ಚುಚ್ಚಿತು.

ಕಾರವಾರ ರಸ್ತೆ ಕಡೆಯ ಒಬ್ಬ ವಯಸ್ಸಾದ ಮಿಸ್ತ್ರಿ ಹತ್ತಿರ ಒಯ್ದೆ. ಈ ಮನುಷ್ಯನಿಗೆ ಮಾತು ಕಡಿಮೆ. ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಒಂದು ಹಬ್ ಇರುತ್ತದೆ, ಕೈಯಿಂದ ತಿರುಗಿಸಿ ಲಾಕ್ ಅಥವಾ ಫ್ರೀ ಮಾಡುವುದು. ಲಾಕ್ ಮಾಡಿದರೆ ಚಕ್ರ ಆಕ್ಸಲ್‌ಗೆ ಹಿಡಿದುಕೊಳ್ಳುತ್ತದೆ. ಫ್ರೀ ಇದ್ದರೆ ಚಕ್ರ ಮಾತ್ರ ತಿರುಗುತ್ತದೆ, ಡಾಂಬರ್ ರಸ್ತೆಯಲ್ಲಿ ಮುಂದಿನ ಆಕ್ಸಲ್ಲು, ಶಾಫ್ಟು ಸುಮ್ನೆ ತಿರುಗಿ ಪೆಟ್ರೋಲ್ ಹಾಳಾಗುವುದು ತಪ್ಪುತ್ತದೆ. ನನ್ನ ಗಾಡಿಯಲ್ಲಿ ಎಡಗಡೆಯದು ಲಾಕ್‌ನಲ್ಲೇ ತುಕ್ಕು ಹಿಡಿದು ಕೂತಿತ್ತು. ಬಲಗಡೆಯದು ಒಳಗೆ ಮುರಿದಿತ್ತು. ಮಿಸ್ತ್ರಿ ಡಯಲ್ ತಿರುಗಿಸಿ ತೋರಿಸಿ “ಬರೇ ತಿರಗತೈತಿ, ಹಿಡಿಯೂದಿಲ್ಲ” ಅಂದರು. ಒಂದು ಕಡೆ ಹಿಡಿಯದಿದ್ದರೆ ಡಿಫರೆನ್ಷಿಯಲ್ (ಎಡ-ಬಲ ಚಕ್ರಕ್ಕೆ ಶಕ್ತಿ ಹಂಚುವ ಗೇರ್) ಶಕ್ತಿಯನ್ನೆಲ್ಲ ಆ ಖಾಲಿ ಕಡೆಗೇ ಬಿಡುತ್ತದೆ, ಇನ್ನೊಂದು ಚಕ್ರವೂ ಎಳೆಯಲ್ಲ. ಅಂದರೆ ನಾನು 4,35,000 ಕೊಟ್ಟು ತಂದದ್ದು ಫೋರ್ ಬೈ ಫೋರ್ ಅಲ್ಲವೇ ಅಲ್ಲ. ಲಿವರ್ ಮಾತ್ರ ಇತ್ತು.

ಮುಂದಿನ ಎಡ ಚಕ್ರವನ್ನು ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿದರು. ಅರ್ಧ ಸುತ್ತಿಗೆ ನಿಂತಿತು. ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಬ್ರೇಕ್ ಹಿಡಿದುಕೊಂಡೇ ಎರಡು ತಿಂಗಳು ಓಡಿಸಿದ್ದೆ.

ಕೊನೆಗೆ ಗಾಡಿ ಕೆಳಗೆ ಹೋಗಿ ಟ್ರಾನ್ಸ್‌ಫರ್ ಕೇಸ್‌ಗೆ (ಹಿಂದಿನ-ಮುಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಸ್ಪೀಡೋಮೀಟರ್ ಕೇಬಲ್ ಸೇರುವ ಜಾಗ ಬಿಚ್ಚಿದರು. ಹೆಬ್ಬೆರಳಿನಷ್ಟು ಒಂದು ಪ್ಲಾಸ್ಟಿಕ್ ಗೇರ್ ಹೊರಗೆ ಬಂತು. ಎಣ್ಣೆ ಒರೆಸಿ ಹಲ್ಲು ಎಣಿಸಿದರು. “ಇದು ಈ ಗಾಡೀದಲ್ಲ” ಅಂದರು. ಹಲ್ಲು ಕಡಿಮೆ ಇದ್ದರೆ ಅದು ಜಾಸ್ತಿ ಸುತ್ತುತ್ತದೆ, ಮೀಟರ್ ಜಾಸ್ತಿ ಓಡುತ್ತದೆ. ಅಷ್ಟೇ ವಿದ್ಯೆ. ಏಜೆಂಟನೇ ಹಾಕಿಸಿದನೋ, ಹಿಂದಿನ ಮಾಲೀಕ ಸಿಕ್ಕಿದ್ದು ಹಾಕಿಸಿದ್ದನೋ, ಸಾಬೀತು ಮಾಡಲು ನನ್ನಿಂದ ಆಗಲ್ಲ. ಆದರೆ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ “ಫೋನ್ ಬ್ಯಾಡ್ರಿ, ಗಾಡಿ ಮೀಟರ್ ನಂಬ್ರಿ” ಅಂತ ಯಾಕೆ ಅನ್ನುತ್ತಿದ್ದ?

ಎಲ್ಲಾ ಸೇರಿ ರಿಪೇರಿಗೆ 31,000 ಆಯಿತು. ಈಗ ಗದಗ ರಸ್ತೆಯಲ್ಲಿ 60-65ರಲ್ಲಿ ಹೋದರೆ ಹತ್ತೂವರೆ, ಊರೊಳಗೆ ಎಂಟೂವರೆ, ಹೊಲದ ರಾಡಿಯಲ್ಲಿ ಫೋರ್-ಲೋ ಹಾಕಿದರೆ ಐದು. 80 ದಾಟಿಸಿದರೆ ಮತ್ತೆ ಒಂಬತ್ತಕ್ಕೆ ಬರುತ್ತದೆ. ಪೆಟ್ಟಿಗೆ ಹಾಗಿರುವ ಗಾಡಿ, ಗಾಳಿಗೆ ಎದೆ ಕೊಟ್ಟು ಹೋಗಬೇಕು, ಐದನೇ ಗೇರ್‌ನಲ್ಲೂ ಇಂಜಿನ್ ಕೂಗುತ್ತಿರುತ್ತದೆ. ಗಾಡಿಯದು ತಪ್ಪಿಲ್ಲ. ಜಿಪ್ಸಿ ಇರುವುದೇ ಹೀಗೆ. ಒಂಬತ್ತು-ಹತ್ತು ಅಂತ ಅವನು ನೇರ ಹೇಳಿದ್ದರೂ ಬಹುಶಃ ತಗೊಳ್ಳುತ್ತಿದ್ದೆ, ಐವತ್ತು ಸಾವಿರ ಕಡಿಮೆಗೆ. ನಾನು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವನು. ಹದಿನಾಲ್ಕು ಬಂದರೆ 71 ಲೀಟರ್, ಒಂಬತ್ತು ಬಂದರೆ 111. ನಲವತ್ತು ಲೀಟರ್ ಅಂದರೆ ಜಿಪ್ಸಿಗೆ ಒಂದು ಪೂರ್ತಿ ಟಾಕಿ. ಪ್ರತಿ ತಿಂಗಳೂ ಒಂದು ಟಾಕಿ, ನಾಲ್ಕು ಸಾವಿರದ ಮೇಲೆ.

ಆದ್ದರಿಂದ, ಹಳೇ ಫೋರ್ ಬೈ ಫೋರ್ ಯಾವುದೇ ಇರಲಿ, ಮಾರುವವನ ಟೆಸ್ಟ್ ನಂಬಬೇಡಿ. ಕಿಲೋಮೀಟರ್ ಕಲ್ಲು ಎಣಿಸಿ, ಮೀಟರ್ ಜೊತೆ ತಾಳೆ ನೋಡಿ. ಎರಡೂ ಸಲ ಟಾಕಿ ಒಂದೇ ರೀತಿ ತುಂಬಿಸಿ, ನಡುವೆ ಕನಿಷ್ಠ ಇನ್ನೂರು-ಮುನ್ನೂರು ಓಡಿಸಿ. ಒಪ್ಪದಿದ್ದರೆ ಎದ್ದು ಬನ್ನಿ. ಹಬ್ ಎರಡೂ ಕೈಯಾರೆ ತಿರುಗಿಸಿ ನೋಡಿ, ರಾಡಿಯಲ್ಲೇ ಓಡಿಸಿ ನೋಡಿ. ಟಾಕಿ ಅಲ್ಲಾಡಿಸುವವನನ್ನು ಕಂಡರೆ ಅಲ್ಲಿಂದಲೇ ಓಡಿ!

ಹೋದ ವಾರ ಅವನದೇ ಫೋನ್ ಬಂತು. ನನ್ನ ಸಿಟ್ಟು ಅವನಿಗೆ ನೆನಪೇ ಇಲ್ಲದ ಹಾಗೆ, “ಅಣ್ಣಾರ, ಆರಾಮ ಅದೀರಿ? ಗಾಡಿ ಕೊಡೂದಿದ್ರ ಹೇಳ್ರಿ, ಒಬ್ರು ಗಿರಾಕಿ ಅದಾರ” ಅಂದ. ಎಷ್ಟಕ್ಕೆ ಅಂತ ಸುಮ್ನೆ ಕೇಳಿದೆ. 3,20,000 ಅಂದ. ಇಷ್ಟು ಕಡಿಮೆ ಯಾಕೆ ಅಂದರೆ, ಅವನು ಸಮಾಧಾನದ ದನಿಯಲ್ಲಿ ಹೇಳಿದ:

“ಜಿಪ್ಸಿ ಅಲ್ರಿ. ಎಂಟೋ ಒಂಬತ್ತೋ ಕೊಡತಾವ. ಪೆಟ್ರೋಲ್ ರೇಟ್ ನೋಡ್ರಿ. ಯಾರ್ ತಗೋತಾರ?”