ಬೇಸಿಗೆಯ ಕೆಲವು ವಾರವೋ, ಇಡೀ ಸೆಮಿಸ್ಟರೋ?

ಅಮೆರಿಕದ ಕಾಲೇಜುಗಳಿಂದ ಹೊರದೇಶಕ್ಕೆ ಓದಲು ಹೋಗುವವರಲ್ಲಿ ಹುಡುಗರು ಸುಮಾರು ಮೂರನೇ ಒಂದು ಭಾಗ ಮಾತ್ರ. ಇನ್ನೂ ಜಾಸ್ತಿ ಹುಡುಗರು ಹೋಗಬೇಕು. ಹೋಗುವುದಾದರೆ ಎರಡು ದಾರಿ ನೋಡೋಣ.

ಬೇಸಿಗೆ ಕೋರ್ಸ್: ಎಂಜಿನಿಯರಿಂಗ್ ಓದುವವರಿಗೆ, ಕಾಲೇಜು ತಂಡದಲ್ಲಿ ಆಡುವವರಿಗೆ ಇದು ಸಲೀಸು. ಆದರೆ ಜೊತೆಗೆ ಬಂದವರ ಗುಂಪಲ್ಲೇ ದಿನ ಕಳೆದುಹೋಗಬಹುದು.

ಸೆಮಿಸ್ಟರ್: ಖರ್ಚು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ನಿಮ್ಮ ಕಾಲೇಜು ಒಪ್ಪಿದ ಕಾರ್ಯಕ್ರಮವಾದರೆ ಫೆಡರಲ್ ನೆರವನ್ನು (ಓದಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಹಣ) ಅಲ್ಲಿಗೂ ಬಳಸಬಹುದು. ಪೆಲ್ ಗ್ರಾಂಟ್ (ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಸಹಾಯಧನ) ಪಡೆಯುವ ಅಮೆರಿಕದ ಪ್ರಜೆಗಳು, ಹೊರದೇಶದಲ್ಲಿ ಓದಲೆಂದೇ ಇರುವ ಗಿಲ್ಮನ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. 5,000 ಡಾಲರ್‌ವರೆಗೆ ಸಿಗುತ್ತದೆ. ಮೊದಲ ತಿಂಗಳು ಒಂಟಿತನ ಕಾಡಬಹುದು, ನಿಜ. ಆಮೇಲೆ ಭಾಷೆ ನಾಲಿಗೆಗೆ ಹತ್ತುತ್ತದೆ, ಸ್ಥಳೀಯ ಗೆಳೆಯರು ಸಿಗುತ್ತಾರೆ. ಅದು ಕೆಲವೇ ವಾರಗಳಲ್ಲಿ ಆಗುವುದು ಕಷ್ಟ.

ವೇಳಾಪಟ್ಟಿ ಹೊಂದಿದರೆ ಸೆಮಿಸ್ಟರನ್ನೇ ಆರಿಸಿ. ಅಲ್ಲಿ ಗಳಿಸಿದ ಕ್ರೆಡಿಟ್ ನಿಮ್ಮ ಪದವಿಗೆ ಸೇರುತ್ತದೆಯೇ ಎಂದು ಕಾಲೇಜಿನ ಸಲಹೆಗಾರರನ್ನು ಮೊದಲ ವರ್ಷದಲ್ಲೇ ಕೇಳಿ.